ಹಡಗಿನಿಂದ ಇಳಿದವರು ಆಕಾಶದ ಚಿತ್ರ ಓದಬಲ್ಲರೇ?

ಪ್ರಶ್ನೆ: ನನ್ನ ತಮ್ಮ ನೌಕಾಪಡೆಯಲ್ಲಿ ಹದಿನೈದು ವರ್ಷ ಸೇವೆ ಮುಗಿಸಿ ಈ ವರ್ಷ ಊರಿಗೆ ಬಂದಿದ್ದಾನೆ. ಸೆಕ್ಯುರಿಟಿ ಕೆಲಸಕ್ಕೆ ಹೋಗಲು ಅವನಿಗೆ ಮನಸ್ಸಿಲ್ಲ. ವಿಮಾನ, ಉಪಗ್ರಹಗಳಿಂದ ತೆಗೆದ ಚಿತ್ರಗಳನ್ನು ವಿಶ್ಲೇಷಿಸುವ ಕೆಲಸ ಕಲಿಯಬೇಕೆಂದು ಹಗಲೂ ರಾತ್ರಿ ಅದನ್ನೇ ಓದುತ್ತಿದ್ದಾನೆ. ಹಡಗಿನಲ್ಲಿ ಇದ್ದವನಿಗೂ ಆಕಾಶದಿಂದ ತೆಗೆದ ಫೋಟೊಗೂ ಎತ್ತಣಿಂದೆತ್ತ ಸಂಬಂಧ ಎಂದು ಮನೆಯಲ್ಲಿ ಎಲ್ಲರಿಗೂ ಅನುಮಾನ. ಹಾಗೆ ಹೋದವರು ಇದ್ದಾರೆಯೇ? ಅಂಥವರ ಬದುಕು ಹೇಗಿರುತ್ತದೆ? – ಓದುಗರು, ಕುಮಟಾ

ಉತ್ತರ: ಇದ್ದಾರೆ. ಈ ಕಸುಬಿನಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಮಾಡಿದವರೇ ನೌಕಾಪಡೆಯಿಂದ ಬಂದವರು. ಅಮೆರಿಕದ ಆರ್ಥರ್ ಲುಂಡಾಲ್. 1962ರಲ್ಲಿ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳಿವೆ ಎಂದು ಅಧ್ಯಕ್ಷ ಕೆನಡಿಗೆ ಚಿತ್ರ ಹಿಡಿದು ತೋರಿಸಿದವರು ಇವರೇ. ನಾನು ವರ್ಷಗಟ್ಟಲೆ ವೈಮಾನಿಕ ಚಿತ್ರ ಓದುವುದನ್ನು ಕಲಿಸಿದವನು. ಹೊಸಬರು ಬಂದಾಗಲೆಲ್ಲ ಮೊದಲು ಹೇಳುತ್ತಿದ್ದುದು ಲುಂಡಾಲ್ ಕತೆಯನ್ನೇ. ನಿಮ್ಮ ಮನೆಯವರ ಅನುಮಾನಕ್ಕೂ ನಿಮ್ಮ ತಮ್ಮನ ಆಸೆಗೂ ಅದರಲ್ಲೇ ಉತ್ತರವಿದೆ. ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಲುಂಡಾಲ್ ಹುಟ್ಟಿದ್ದು 1915ರಲ್ಲಿ, ಶಿಕಾಗೊದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲೇ ಭೂವಿಜ್ಞಾನ ಓದಿದರು. ಭೂವಿಜ್ಞಾನಿಗಳಿಗೆ ಆ ಕಾಲಕ್ಕಾಗಲೇ ವಿಮಾನದಿಂದ ತೆಗೆದ ಚಿತ್ರಗಳ ರೂಢಿ ಇತ್ತು. ಬಂಡೆಯ ಪದರ ಎತ್ತ ಬಾಗಿದೆ, ಹಳ್ಳ ಯಾಕೆ ಇಲ್ಲಿ ತಿರುಗಿತು ಎನ್ನುವುದು ನೆಲದ ಮೇಲೆ ಓಡಾಡುವವನಿಗಿಂತ ಮೇಲಿನಿಂದ ನೋಡುವವನಿಗೆ ಬೇಗ ತಿಳಿಯುತ್ತದೆ. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಲುಂಡಾಲ್ ನೌಕಾಪಡೆ ಸೇರಿದರು. ಅಲಾಸ್ಕಾದಾಚೆ, ಮಂಜು ಮುಸುಕಿದ ಅಲೂಷಿಯನ್ ದ್ವೀಪಸಾಲಿನ ಅಡಾಕ್‌ನಲ್ಲಿ ಕೂತು ಜಪಾನಿನ ನೆಲೆಗಳ ಚಿತ್ರ ಓದುವ ಕೆಲಸ ಮಾಡಿದರು.

ನೌಕಾಪಡೆಗೆ ಚಿತ್ರದ ಗರಜು ಯಾಕೆ ಬಂತು ಎಂದು ನಿಮ್ಮ ಮನೆಯವರು ಕೇಳಿಯಾರು. ಪೆಸಿಫಿಕ್ ಯುದ್ಧವೆಂದರೆ ಒಂದಾದ ಮೇಲೊಂದು ದ್ವೀಪದ ದಡಕ್ಕೆ ದೋಣಿಯಲ್ಲಿ ಸೈನಿಕರನ್ನು ಇಳಿಸುವ ಯುದ್ಧ. ದಡದಲ್ಲಿ ಫಿರಂಗಿಗಳೆಷ್ಟು, ನೀರಿನಡಿ ಹವಳದ ದಿಬ್ಬ ಎಲ್ಲಿದೆ, ಶತ್ರುಗಳು ಎಷ್ಟು ಮಂದಿ ಎನ್ನುವುದನ್ನು ಹೋಗಿ ನೋಡಿ ಬರುವಂತಿಲ್ಲ. ಹಾಗಾಗಿ ನೌಕಾಪಡೆಯ ಅಧಿಕಾರಿ ರಾಬರ್ಟ್ ಕ್ವಾಕೆನ್‌ಬುಶ್ ಬ್ರಿಟನ್ನಿಗೆ ಹೋಗಿ ಅಲ್ಲಿನವರಿಂದ ಈ ವಿದ್ಯೆ ಕಲಿತು ಬಂದು, 1942ರ ಆರಂಭದಲ್ಲಿ ವಾಷಿಂಗ್ಟನ್ನಿನ ಅನಕೋಸ್ಟಿಯಾದಲ್ಲಿ ಚಿತ್ರ ಓದುವ ಶಾಲೆಯನ್ನೇ ತೆರೆದರು.

1943ರ ನವೆಂಬರಿನಲ್ಲಿ ಪೆಸಿಫಿಕ್ಕಿನ ತರಾವಾ ದ್ವೀಪಗಳ ಮೇಲೆ ಅಮೆರಿಕ ಮಾಡಿದ ದಾಳಿಯನ್ನೇ ನೋಡಿ. ಬೇಟಿಯೊ ಎಂಬ ಪುಟ್ಟ ದ್ವೀಪದಲ್ಲಿ ಜಪಾನಿ ಸೈನಿಕರು ಎಷ್ಟಿದ್ದಾರೆ ಎಂದು ಗೊತ್ತಾಗಬೇಕಿತ್ತು. ಮರಗಳಡಿಯ ಬಂಕರಿನಲ್ಲಿರುವ ಮನುಷ್ಯರು ಫೋಟೊದಲ್ಲಿ ಕಾಣುವುದಿಲ್ಲ. ಆದರೆ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಪಾಯಿಖಾನೆಗಳು ಕಂಡವು. ಒಂದು ಪಾಯಿಖಾನೆಗೆ ಇಷ್ಟು ಮಂದಿ ಎಂಬ ಸೇನೆಯ ರೂಢಿ ಗೊತ್ತಿತ್ತು. ಅವುಗಳನ್ನು ಎಣಿಸಿ ಗುಣಿಸಿದರು. ಬಂದ ಅಂದಾಜು ನಿಜವಾದ ಸಂಖ್ಯೆಗೆ ಬಹಳ ಹತ್ತಿರವಿತ್ತು. ಅದೇ ತರಾವಾದಲ್ಲಿ ಉಬ್ಬರದ ಲೆಕ್ಕ ಮಾತ್ರ ಕೈಕೊಟ್ಟಿತು. ನೀರು ಏರಲಿಲ್ಲ, ದೋಣಿಗಳು ಹವಳದ ದಿಬ್ಬಕ್ಕೆ ಸಿಕ್ಕಿಕೊಂಡವು, ಸೈನಿಕರು ಗುಂಡಿನ ಮಳೆಯಲ್ಲಿ ನೂರಾರು ಗಜ ನೀರು ಹಾಯಬೇಕಾಯಿತು. ಸುಮಾರು 1,000 ಅಮೆರಿಕನ್ನರು ಸತ್ತರು. ಆ ಮೇಲೆ ದಡದ ನೀರಿನ ಆಳವನ್ನು ಅಳೆಯುವುದಕ್ಕೆ ನೌಕಾಪಡೆಯಲ್ಲಿ ಎಷ್ಟು ಮಹತ್ವ ಬಂದಿರಬೇಕು, ನೀವೇ ಊಹಿಸಿ.

ಅಲ್ಲಿಂದಲೇ ಲುಂಡಾಲ್ ಅಳತೆಯ ಮನುಷ್ಯರಾದರು. ಯುದ್ಧ ಮುಗಿದ ಮೇಲೂ ನೌಕಾಪಡೆಯ ಚಿತ್ರವಿಶ್ಲೇಷಣಾ ಕೇಂದ್ರದಲ್ಲೇ ಉಳಿದು ಫೋಟೊಗ್ರಾಮೆಟ್ರಿ ವಿಭಾಗದ ಮುಖ್ಯಸ್ಥರಾದರು. ಫೋಟೊಗ್ರಾಮೆಟ್ರಿ ಎಂದರೆ ಚಿತ್ರದಿಂದ ಉದ್ದ, ಅಗಲ, ಎತ್ತರಗಳನ್ನು ಲೆಕ್ಕ ಹಾಕುವ ಶಾಸ್ತ್ರ. ಆಕಾಶದ ಚಿತ್ರ ಓದುವ ಕೆಲಸದಲ್ಲಿ 'ನನಗೆ ಹಾಗೆ ಕಾಣುತ್ತದೆ' ಎನ್ನುವ ಮಾತಿಗೂ 'ಅದು ಇಷ್ಟು ಅಡಿ ಇದೆ' ಎನ್ನುವ ಮಾತಿಗೂ ಅಜಗಜಾಂತರ. ಎರಡನೆಯದನ್ನು ಹೇಳಬಲ್ಲವರಾಗಿದ್ದರಿಂದಲೇ 1953ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅವರನ್ನು ಕರೆದುಕೊಂಡು ಹೊಸ ಚಿತ್ರವಿಶ್ಲೇಷಣಾ ವಿಭಾಗದ ಹೊಣೆ ಕೊಟ್ಟಿತು.

1956ರಲ್ಲಿ ಅಮೆರಿಕದ ಯು-2 ಬೇಹುಗಾರಿಕೆ ವಿಮಾನ ಬಂತು. ಸುಮಾರು 70,000 ಅಡಿ ಎತ್ತರದಲ್ಲಿ ಹಾರುತ್ತ, ಸಾವಿರಾರು ಅಡಿ ಉದ್ದದ ಫಿಲ್ಮಿನಲ್ಲಿ ಸೋವಿಯತ್ ನೆಲವನ್ನು ತುಂಬಿಕೊಂಡು ಬರುತ್ತಿತ್ತು. ಅಷ್ಟು ಫಿಲ್ಮ್ ನೋಡಲು ಜಾಗ ಬೇಕಲ್ಲ? ವಾಷಿಂಗ್ಟನ್ನಿನ ಐದನೇ ಬೀದಿ ಮತ್ತು ಕೆ ಬೀದಿ ಕೂಡುವಲ್ಲಿ ಸ್ಟುವರ್ಟ್ ಎಂಬ ಕಾರು ವ್ಯಾಪಾರಿಗಳ ಕಟ್ಟಡವಿತ್ತು. ಕೆಳಗೆ ಕಾರುಗಳ ಶೋರೂಮ್. ಮೇಲಿನ ಅಂತಸ್ತುಗಳಲ್ಲಿ ಇವರ ಕಚೇರಿ. ಬೀದಿ ಗಲೀಜು, ವಾಹನ ನಿಲ್ಲಿಸಲು ಜಾಗವಿಲ್ಲ. ಹೊರಗಿನವರಿಗೆ ಅನುಮಾನ ಬರದಿದ್ದುದಕ್ಕೆ ಆ ದರಿದ್ರ ಜಾಗವೂ ಒಂದು ಕಾರಣ. ಈ ಕೆಲಸಕ್ಕೆ ಲುಂಡಾಲ್ ಇಟ್ಟ ಗುಪ್ತನಾಮ 'ಆಟೊಮ್ಯಾಟ್'. ನ್ಯೂಯಾರ್ಕಿನಲ್ಲಿ ಆ ಹೆಸರಿನ ಹೋಟೆಲುಗಳಿದ್ದವು. ನಾಣ್ಯ ಹಾಕಿ, ಬೇಕಾದ ತಿಂಡಿಯನ್ನು ಗೂಡಿನಿಂದ ತೆಗೆದುಕೊಳ್ಳುವುದು. ತಮ್ಮ ಕೇಂದ್ರವೂ ಹೊತ್ತು ಗೊತ್ತಿಲ್ಲದೆ ತೆರೆದಿರಬೇಕು, ಭೂಸೇನೆ, ನೌಕಾಪಡೆ, ವಾಯುಪಡೆ ಯಾರೇ ಬಂದರೂ ಬೇಕಾದ್ದು ಸಿಗಬೇಕು ಎನ್ನುವುದು ಅವರ ಕಲ್ಪನೆ.

ಆಗ ಅಮೆರಿಕದ ಒಂದೊಂದು ಪಡೆಗೂ ತನ್ನದೇ ಅಂದಾಜು. ಸೋವಿಯತ್ ಬಾಂಬರ್ ವಿಮಾನಗಳು ಹೆಚ್ಚಿವೆ ಎಂದಷ್ಟೂ ತನಗೆ ಹೆಚ್ಚು ವಿಮಾನ ಸಿಗುತ್ತದೆ ಎಂಬ ಆಸೆ ವಾಯುಪಡೆಗೆ. ಮೊದಲ ಯು-2 ಹಾರಾಟಗಳಲ್ಲಿ ಒಂಬತ್ತು ಸೋವಿಯತ್ ಬಾಂಬರ್ ನೆಲೆಗಳ ಚಿತ್ರ ಸಿಕ್ಕಿತು. ಎಲ್ಲರೂ ಹೆದರಿದ್ದ ಬೈಸನ್ ಬಾಂಬರ್ ಅಲ್ಲಿ ಒಂದೂ ಕಾಣಲಿಲ್ಲ. ಮುಂದೆ ಉಪಗ್ರಹಗಳು ಬಂದವು. 1960ರ ಆಗಸ್ಟಿನಲ್ಲಿ ಕೊರೋನಾ ಸರಣಿಯ ಉಪಗ್ರಹವೊಂದು ಉದುರಿಸಿದ ಫಿಲ್ಮ್ ಡಬ್ಬಿಯನ್ನು ಪೆಸಿಫಿಕ್ ಸಾಗರದ ಮೇಲೆ ವಿಮಾನವೊಂದು ಗಾಳಿಯಲ್ಲೇ ಹಿಡಿಯಿತು. ಅದುವರೆಗಿನ ಎಲ್ಲ ಯು-2 ಹಾರಾಟಗಳು ಸೇರಿ ತೋರಿಸಿದ್ದಕ್ಕಿಂತ ಹೆಚ್ಚು ಸೋವಿಯತ್ ನೆಲ ಆ ಒಂದೇ ಡಬ್ಬಿಯಲ್ಲಿತ್ತು. ನೂರಾರು ಖಂಡಾಂತರ ಕ್ಷಿಪಣಿಗಳು ಬರಲಿವೆ ಎಂದು ಹೆದರಿಸುತ್ತಿದ್ದ ಅಂದಾಜು 1961ರ ಸೆಪ್ಟೆಂಬರಿನಲ್ಲಿ 10ರಿಂದ 25 ಉಡಾವಣಾ ವೇದಿಕೆಗಳಿಗೆ ಇಳಿಯಿತು. ಚಿತ್ರವಿಶ್ಲೇಷಕರ ಕೆಲಸವೆಂದರೆ ಶತ್ರುವನ್ನು ಪತ್ತೆ ಹಚ್ಚುವುದು ಎಂದೇ ಬಹಳ ಮಂದಿ ತಿಳಿದಿದ್ದಾರೆ. ಇಲ್ಲದ ಶತ್ರುವನ್ನು 'ಇಲ್ಲ' ಎಂದು ಹೇಳಿದ್ದೇ ಆ ದಶಕದ ಅವರ ಅತಿ ದೊಡ್ಡ ಸೇವೆ ಎಂದು ನನ್ನ ಅಭಿಪ್ರಾಯ.

1961ರ ಜನವರಿಯಲ್ಲಿ, ಅಧ್ಯಕ್ಷ ಐಸೆನ್‌ಹೋವರ್ ಅಧಿಕಾರದ ಕೊನೆಯ ದಿನಗಳಲ್ಲಿ, ಇದೇ ಕಚೇರಿ ರಾಷ್ಟ್ರೀಯ ಚಿತ್ರವಿಶ್ಲೇಷಣಾ ಕೇಂದ್ರವಾಯಿತು. ಲುಂಡಾಲ್ ಅದರ ಮೊದಲ ನಿರ್ದೇಶಕರು.

ಇನ್ನು ಕ್ಯೂಬಾ. ಇಲ್ಲಿಯೇ ನಿಮ್ಮ 'ಹಡಗಿಗೂ ಚಿತ್ರಕ್ಕೂ ಏನು ಸಂಬಂಧ' ಎಂಬ ಪ್ರಶ್ನೆಗೆ ನೇರ ಉತ್ತರ ಸಿಗುವುದು. 1962ರ ಜುಲೈಯಿಂದ ಸೋವಿಯತ್ ಹಡಗುಗಳು ಸಾಲುಸಾಲಾಗಿ ಕ್ಯೂಬಾಕ್ಕೆ ಹೋಗುತ್ತಿದ್ದವು. ಅಮೆರಿಕದ ನೌಕಾಪಡೆಯ ವಿಮಾನಗಳು ಆ ಹಡಗುಗಳ ಮೇಲೆ ಸುತ್ತುಹಾಕಿ ಚಿತ್ರ ತೆಗೆಯುತ್ತಿದ್ದವು. ಸೆಪ್ಟೆಂಬರಿನಲ್ಲಿ ಓಮ್‌ಸ್ಕ್ ಮತ್ತು ಪೋಲ್ತಾವಾ ಎಂಬ ಎರಡು ಹಡಗುಗಳು ಗಮನಕ್ಕೆ ಬಂದವು. ಅವು ಮರದ ದಿಮ್ಮಿ ಸಾಗಿಸಲು ಕಟ್ಟಿದವು. ಸರಕು ಇಳಿಸುವ ಬಾಯಿ ಮಾಮೂಲಿಗಿಂತ ಬಹಳ ಅಗಲ. ಅಷ್ಟು ದೊಡ್ಡ ಹಡಗು ಸರಕು ತುಂಬಿಕೊಂಡು ಹೊರಟಿದೆ, ಆದರೂ ನೀರಿನಲ್ಲಿ ಹೆಚ್ಚು ಮುಳುಗಿಲ್ಲ, ಎತ್ತರಕ್ಕೆ ತೇಲುತ್ತಿದೆ. ಎಂದರೆ ಒಳಗಿರುವುದು ಜಾಗ ತಿನ್ನುವ, ಆದರೆ ತೂಕವಿಲ್ಲದ ವಸ್ತು. ನಿಮ್ಮ ತದಡಿ ಬಂದರಿನಲ್ಲಿ ನಿಂತ ಮೀನುಗಾರರು ವಾಪಸಾಗುವ ಬೋಟು ನೀರಿಗೆ ಎಷ್ಟು ಕೂತಿದೆ ಎಂದು ನೋಡಿಯೇ ಮೀನು ಸಿಕ್ಕಿತೋ ಇಲ್ಲವೋ ಹೇಳುವುದಿಲ್ಲವೇ? ಅದೇ ಕಣ್ಣು. ಅದನ್ನು ಆಫೀಸಿನಲ್ಲಿ ಕೂರಿಸಿ ಕಲಿಸುವುದು ಕಷ್ಟ. ಹಡಗಿನಲ್ಲಿದ್ದವನಿಗೆ ಅದು ತಾನಾಗಿ ಬಂದಿರುತ್ತದೆ.

ಹಡಗಿನ ಮೇಲಿನ ಮರದ ಪೆಟ್ಟಿಗೆಗಳ ಗಾತ್ರ ನೋಡಿ ಒಳಗೇನಿದೆ ಎಂದು ಹೇಳುವ ವಿದ್ಯೆಯೂ ಆಗ ಬೆಳೆಯಿತು. ಸೆಪ್ಟೆಂಬರ್ 28ರಂದು ಕಾಸಿಮೊವ್ ಎಂಬ ಹಡಗಿನ ಮೇಲೆ ಕಂಡ ಪೆಟ್ಟಿಗೆಗಳು ಐಎಲ್-28 ಬಾಂಬರ್ ವಿಮಾನದ ಒಡಲಿನ ಪೆಟ್ಟಿಗೆಗಳು ಎಂದು ಗುರುತಿಸಿದ್ದು ಹಾಗೆಯೇ. ಅದೇ ವಿಮಾನಗಳನ್ನು ಸೋವಿಯತ್ತಿನವರು ಹಿಂದೆ ಬೇರೆ ದೇಶಗಳಿಗೆ ಕಳಿಸಿದಾಗಿನ ಪೆಟ್ಟಿಗೆಗಳ ಚಿತ್ರ, ಅಳತೆ ಕಪಾಟಿನಲ್ಲಿದ್ದವು. ತುಲನೆ ಮಾಡಿದರು, ಹೊಂದಿತು. ಈ ಕಸುಬಿನ ಮುಕ್ಕಾಲು ಭಾಗ ಹಳೆಯ ಚಿತ್ರವನ್ನು ಬೇಕಾದಾಗ ತೆಗೆಯುವಂತೆ ಜೋಡಿಸಿಡುವುದೇ.

ಅಕ್ಟೋಬರ್ 14ರ ಭಾನುವಾರ ಮೇಜರ್ ರಿಚರ್ಡ್ ಹೈಸರ್ ಯು-2 ಹಾರಿಸಿಕೊಂಡು ಕ್ಯೂಬಾದ ಪಶ್ಚಿಮ ಭಾಗವನ್ನು ದಾಟಿದರು. ಸುಮಾರು ಆರು ನಿಮಿಷ, 928 ಚಿತ್ರ. ಫಿಲ್ಮ್ ತೊಳೆದದ್ದು ಮೇರಿಲ್ಯಾಂಡಿನ ಸೂಟ್‌ಲ್ಯಾಂಡಿನಲ್ಲಿದ್ದ ನೌಕಾಪಡೆಯ ಕೇಂದ್ರದಲ್ಲಿ. ಸೋಮವಾರ ಬೆಳಿಗ್ಗೆ ಅದು ಸ್ಟುವರ್ಟ್ ಕಟ್ಟಡಕ್ಕೆ ಬಂತು.

ಫಿಲ್ಮಿಗೆ ಅಡಿಯಿಂದ ಬೆಳಕು ಬೀಳುವ ಲೈಟ್ ಟೇಬಲ್ ಮುಂದೆ ಕೂತವರು ಏನು ನೋಡುತ್ತಿದ್ದರು ಎಂದು ಹತ್ತಿರದಿಂದ ಹೇಳುತ್ತೇನೆ. ಯು-2 ಕ್ಯಾಮೆರಾದ ಮಸೂರದ ನಾಭಿದೂರ (ಮಸೂರದಿಂದ ಫಿಲ್ಮಿಗಿರುವ ದೂರ) 36 ಇಂಚು, ಅಂದರೆ 3 ಅಡಿ. ವಿಮಾನದ ಎತ್ತರ 70,000 ಅಡಿ ಎಂದಿಟ್ಟುಕೊಳ್ಳಿ. ಭಾಗಿಸಿದರೆ ಚಿತ್ರದ ಪ್ರಮಾಣ 1:23,000ಕ್ಕೆ ಸ್ವಲ್ಪ ಆಚೆ ಈಚೆ, ಅಂದರೆ ನೆಲದ 23,000 ಅಡಿ ಫಿಲ್ಮಿನಲ್ಲಿ ಒಂದು ಅಡಿ. ನೆಲದ ಮೇಲಿನ 67 ಅಡಿಯ ಕ್ಷಿಪಣಿ ಫಿಲ್ಮಿನಲ್ಲಿ ಎಷ್ಟು ಉದ್ದ ಬರುತ್ತದೆ? ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಪೆನ್ಸಿಲ್ ಮೊನೆ ತಾಗಿಸಿದರೆ ಮುಚ್ಚಿಹೋಗುವಷ್ಟು. ಅದರ ಉದ್ದವನ್ನು ಅಡಿಗಳಲ್ಲಿ ಹೇಳಬೇಕು. ಹತ್ತಡಿ ಹೆಚ್ಚು ಕಡಿಮೆಯಾದರೆ ಬೇರೆಯದೇ ಕ್ಷಿಪಣಿಯಾಗಿಬಿಡುತ್ತದೆ.

ಒಂದೇ ಜಾಗವನ್ನು ವಿಮಾನ ಸ್ವಲ್ಪ ಮುಂದೆ ಹೋಗಿ ಮತ್ತೊಮ್ಮೆ ತೆಗೆದ ಚಿತ್ರವನ್ನೂ ಪಕ್ಕದಲ್ಲಿಟ್ಟು, ಸ್ಟೀರಿಯೊಸ್ಕೋಪಿನಲ್ಲಿ ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಒಂದು ಕಾಣುವಂತೆ ಹೊಂದಿಸುತ್ತಾರೆ. ಮೊದಲು ಎರಡೂ ಬೇರೆ ಬೇರೆ ತೇಲುತ್ತವೆ. ಬೆರಳಿನಿಂದ ಒಂದನ್ನು ಕೂದಲೆಳೆಯಷ್ಟು ಸರಿಸಿದಾಗ ಒಮ್ಮೆಲೇ ನೆಲ ಕೆಳಗಿಳಿದು ಮರಗಳು ಮೇಲೆದ್ದು ನಿಲ್ಲುತ್ತವೆ. ಚಿತ್ರವನ್ನು ನೆರಳು ನಮ್ಮ ಕಡೆಗೆ ಬೀಳುವಂತೆ ತಿರುಗಿಸಿಟ್ಟುಕೊಳ್ಳಬೇಕು. ತಲೆಕೆಳಗಾಗಿ ಇಟ್ಟರೆ ಗುಂಡಿ ದಿಬ್ಬದಂತೆಯೂ ದಿಬ್ಬ ಗುಂಡಿಯಂತೆಯೂ ಕಾಣಿಸಿ ಕಣ್ಣು ಮೋಸ ಹೋಗುತ್ತದೆ. ನೆರಳಿನ ಉದ್ದ, ಆ ಹೊತ್ತಿನ ಸೂರ್ಯನ ಕೋನ ಗೊತ್ತಿದ್ದರೆ ಎತ್ತರದ ಲೆಕ್ಕ ಸಿಗುತ್ತದೆ. ಸಮುದ್ರದಲ್ಲಿ ಸೂರ್ಯ, ನಕ್ಷತ್ರಗಳ ಕೋನ ಅಳೆದು ದಾರಿ ಹಿಡಿದವರಿಗೆ ಈ ಲೆಕ್ಕ ಹೊಸದೇನಲ್ಲ.

ಸಾನ್ ಕ್ರಿಸ್ಟೊಬಾಲ್ ಬಳಿಯ ಕಾಡಿನಂಚಿನಲ್ಲಿ ಟಾರ್ಪಾಲು ಹೊದಿಸಿದ ಉದ್ದನೆಯ ವಸ್ತುಗಳು ಕಂಡವು. ವಿಮಾನ ಹೊಡೆಯುವ ಕ್ಷಿಪಣಿಗಳಾಗಿದ್ದರೆ ಅಷ್ಟು ಉದ್ದ ಇರುವುದಿಲ್ಲ. ಮಾಸ್ಕೊದ ಮೆರವಣಿಗೆಗಳಲ್ಲಿ ತೆಗೆದ ಚಿತ್ರಗಳನ್ನು ಪಕ್ಕದಲ್ಲಿಟ್ಟರು. ಸೋವಿಯತ್ ಸೇನೆಯೊಳಗಿನಿಂದಲೇ ಕರ್ನಲ್ ಒಲೆಗ್ ಪೆಂಕೊವ್‌ಸ್ಕಿ ಗುಟ್ಟಾಗಿ ತಲುಪಿಸಿದ್ದ ಕೈಪಿಡಿಗಳಲ್ಲಿ ಎಸ್‌ಎಸ್-4 ಎಂಬ ಮಧ್ಯಮ ವ್ಯಾಪ್ತಿಯ ಕ್ಷಿಪಣಿಯ ದಳ ಬೀಡುಬಿಡುವ ಕ್ರಮ ಇತ್ತು. ಅದನ್ನೂ ಹೋಲಿಸಿದರು. ಸಂಜೆಯ ಹೊತ್ತಿಗೆ ಉತ್ತರ ಒಂದೇ ಉಳಿಯಿತು.

ಮಂಗಳವಾರ, ಅಕ್ಟೋಬರ್ 16. ಶ್ವೇತಭವನದ ಸಭೆಯಲ್ಲಿ ಲುಂಡಾಲ್ ಬೋರ್ಡಿಗೆ ಅಂಟಿಸಿದ ಚಿತ್ರಗಳನ್ನು ಕೆನಡಿ ಮುಂದಿಟ್ಟರು. ಆ ಸಭೆ ಟೇಪಿನಲ್ಲಿ ದಾಖಲಾಗಿದೆ. ಇದು ಮಧ್ಯಮ ವ್ಯಾಪ್ತಿಯ ಕ್ಷಿಪಣಿ ಎಂದು ಹೇಗೆ ಗೊತ್ತು ಎಂದು ಅಧ್ಯಕ್ಷರು ಕೇಳುತ್ತಾರೆ. 'ಉದ್ದದಿಂದ, ಸರ್' ಎನ್ನುತ್ತಾರೆ ಲುಂಡಾಲ್. 'ಏನು? ಉದ್ದವೇ?' 'ಹೌದು, ಅದರ ಉದ್ದ.' ಜಗತ್ತು ಅಣುಯುದ್ಧದ ಅಂಚಿಗೆ ಬಂದಿದೆ ಎಂದು ಹೇಳಲು ಅಷ್ಟೇ ಮಾತು. ಹದಿನೈದು ವರ್ಷ ಅಳತೆಯನ್ನೇ ಬದುಕಾಗಿಸಿಕೊಂಡವರ ಬಾಯಿಂದ ಮಾತ್ರ ಬರುವ ಮಾತದು.

ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿ ಆ ಚಿತ್ರಗಳನ್ನು ಕಣ್ಣಿಟ್ಟು ನೋಡಿದರಂತೆ. ಹೊಲಕ್ಕೆಂದು ಹಸನು ಮಾಡಿದ ಜಾಗ, ಇಲ್ಲವೇ ಮನೆಯ ಅಡಿಪಾಯಕ್ಕೆ ಅಗೆದ ಗುಂಡಿ, ಅದಕ್ಕಿಂತ ಹೆಚ್ಚೇನೂ ತನಗೆ ಕಾಣಲಿಲ್ಲ ಎಂದು ಅವರೇ ಮುಂದೆ ಬರೆದಿದ್ದಾರೆ. ಆ ಕೋಣೆಯಲ್ಲಿದ್ದ ಬುದ್ಧಿವಂತರೆಲ್ಲರೂ ಒಬ್ಬ ವಿಶ್ಲೇಷಕರ ಮಾತನ್ನು ನಂಬಿಯೇ ಮುಂದಿನ ಹೆಜ್ಜೆ ಇಡಬೇಕಿತ್ತು. ಖಚಿತವೇ ಎಂದು ಕೇಳಿದಾಗ, ಚಿತ್ರ ಓದುವವನೊಬ್ಬ ಯಾವುದರ ಬಗ್ಗೆಯಾದರೂ ಎಷ್ಟು ಖಚಿತವಾಗಿರಬಹುದೋ ಅಷ್ಟು ಖಚಿತ ಎಂದು ಲುಂಡಾಲ್ ಉತ್ತರಿಸಿದರು ಎಂದು ಅವರ ಜೊತೆ ಕೆಲಸ ಮಾಡಿದವರು ದಾಖಲಿಸಿದ್ದಾರೆ. ಕ್ಷಿಪಣಿ ಹಾರಿಸಲು ಸಿದ್ಧವಾಗಿದೆಯೇ ಎಂಬ ಪ್ರಶ್ನೆ ಬಂದಾಗ ಪಕ್ಕದಲ್ಲಿದ್ದ ಕ್ಷಿಪಣಿ ತಜ್ಞ ಸಿಡ್ನಿ ಗ್ರೇಬೀಲ್ ಉತ್ತರಿಸಿದರು. ಚಿತ್ರದಲ್ಲಿ ಕಂಡದ್ದಕ್ಕೆ ಒಬ್ಬರು, ಅದರ ಅರ್ಥಕ್ಕೆ ಇನ್ನೊಬ್ಬರು. ತನ್ನ ಮಾತಿನ ಗಡಿ ಎಲ್ಲಿ ಮುಗಿಯುತ್ತದೆ ಎಂದು ತಿಳಿದಿರುವುದನ್ನು ನಾನು ಕಣ್ಣಿನ ಚುರುಕಿಗಿಂತ ಮೇಲೆ ಇಡುತ್ತೇನೆ. ನಿಮ್ಮ ತಮ್ಮ ಈ ಕೆಲಸಕ್ಕೆ ಹೋದರೆ ದಿನವೂ ಇದೇ ಪರೀಕ್ಷೆ. ಮೇಲಿನವರು 'ಹೌದೋ ಅಲ್ಲವೋ ಹೇಳು' ಎಂದು ಒತ್ತುತ್ತಾರೆ. 'ಬಹುಮಟ್ಟಿಗೆ ಹೌದು', 'ಇರಬಹುದು', 'ಈ ಚಿತ್ರದಿಂದ ಹೇಳಲಾಗದು' ಎಂಬ ಮೆಟ್ಟಿಲುಗಳನ್ನು ಅವರ ಮುಂದೆ ನಿಂತು ಕಾಪಾಡಿಕೊಳ್ಳಬೇಕು. ಅಲ್ಲಿ ಒಮ್ಮೆ ಮಣಿದವರ ಮಾತನ್ನು ಮುಂದೆ ಯಾರೂ ಪೂರ್ತಿ ನಂಬುವುದಿಲ್ಲ.

ಅಕ್ಟೋಬರ್ 23ರಿಂದ ನೌಕಾಪಡೆಯ ಕ್ರುಸೇಡರ್ ವಿಮಾನಗಳು ಫ್ಲೋರಿಡಾದ ಕೀ ವೆಸ್ಟ್‌ನಿಂದ ಹೊರಟು ಮರದ ತುದಿ ಸವರುವಂತೆ ಹಾರಿ ಹತ್ತಿರದ ಚಿತ್ರ ತಂದವು. ಕಮಾಂಡರ್ ವಿಲಿಯಂ ಎಕರ್ ಆ ದಳದ ಮುಂದಾಳು. 27ರಂದು ಯು-2 ಹಾರಿಸುತ್ತಿದ್ದ ಮೇಜರ್ ರುಡಾಲ್ಫ್ ಆ್ಯಂಡರ್ಸನ್ ಅವರನ್ನು ಕ್ಯೂಬಾದ ಮೇಲೆ ಹೊಡೆದುರುಳಿಸಲಾಯಿತು. ಮೇಜಿನ ಮುಂದೆ ಕೂತವರಿಗೆ ಚಿತ್ರ ಒದಗಿಸಲು ಒಬ್ಬರು ಪ್ರಾಣ ಕೊಟ್ಟಿದ್ದಾರೆ ಎಂಬ ಭಾರ ಆ ಕಟ್ಟಡದಲ್ಲಿದ್ದವರೆಲ್ಲರ ಮೇಲೆ ಇತ್ತು. ಮರುದಿನ ಸೋವಿಯತ್ ನಾಯಕ ಕ್ರುಶ್ಚೇವ್ ಕ್ಷಿಪಣಿ ವಾಪಸು ಪಡೆಯುವುದಾಗಿ ಹೇಳಿದರು. ನವೆಂಬರಿನಲ್ಲಿ ಮತ್ತೆ ಹಡಗಿನ ಕೆಲಸ: ಹಿಂದಿರುಗುವ ಸೋವಿಯತ್ ಹಡಗುಗಳ ಡೆಕ್ ಮೇಲಿನ ಟಾರ್ಪಾಲು ಸರಿಸಿ ತೋರಿಸಿದಾಗ ಅಮೆರಿಕದ ಹಡಗು, ವಿಮಾನಗಳು ಚಿತ್ರ ತೆಗೆದು ಕ್ಷಿಪಣಿಗಳನ್ನು ಎಣಿಸಿದವು. ಲೆಕ್ಕ 42ಕ್ಕೆ ಸರಿಹೋಯಿತು.

ಇಷ್ಟೆಲ್ಲ ಹೊಗಳಿದ ಮೇಲೆ ಅವರ ಕಣ್ತಪ್ಪನ್ನೂ ಹೇಳಲೇಬೇಕು. ಕಲಿಯುವವನಿಗೆ ಅದರಷ್ಟು ಬೆಲೆಯ ಪಾಠ ಇನ್ನೊಂದಿಲ್ಲ. ಕ್ಷಿಪಣಿಗಳು ಸಿಕ್ಕವು, ಆದರೆ ಅವುಗಳ ಅಣು ಸಿಡಿತಲೆಗಳು ಎಲ್ಲಿವೆ ಎಂಬುದು ಬಿಕ್ಕಟ್ಟಿನ ಆ ಹದಿಮೂರು ದಿನಗಳಲ್ಲಿ ಖಚಿತವಾಗಲೇ ಇಲ್ಲ. ಹವಾನಾದ ದಕ್ಷಿಣಕ್ಕೆ ಬೆಹುಕಾಲ್ ಎಂಬಲ್ಲಿನ ಬಂಕರಿನಲ್ಲಿ ಅವು ಇದ್ದವು. ಆ ಜಾಗದ ಚಿತ್ರವೂ ಇವರ ಬಳಿ ಇತ್ತು, ಅನುಮಾನವೂ ಬಂದಿತ್ತು. ಆದರೆ ಸೋವಿಯತ್ ನೆಲದಲ್ಲಿ ಅಣ್ವಸ್ತ್ರದ ಉಗ್ರಾಣವೆಂದರೆ ಸುತ್ತುಸುತ್ತಾಗಿ ಬೇಲಿ, ಬಿಗಿ ಕಾವಲು. ಇಲ್ಲಿ ಅಂಥದ್ದೇನೂ ಇಲ್ಲ. ಹಾಗಾಗಿ ಬದಿಗೆ ಸರಿಸಿದರು. ಪೆಟ್ಟಿಗೆಯನ್ನು ಗುರುತಿಸಿಕೊಟ್ಟ ತುಲನೆಯ ವಿದ್ಯೆಯೇ ಇಲ್ಲಿ ದಾರಿ ತಪ್ಪಿಸಿತು. ಮಾಮೂಲು ಏನೆಂದು ಗೊತ್ತಿರಬೇಕು. ಆತುರದಲ್ಲಿ ಪರದೇಶಕ್ಕೆ ಬಂದವರು ಮಾಮೂಲು ಬಿಟ್ಟು ನಡೆಯುತ್ತಾರೆ ಎಂಬುದೂ ನೆನಪಿರಬೇಕು.

ಇದೇ ದಿನಗಳಲ್ಲಿ ನಮ್ಮ ಕಡೆ ಏನಾಗುತ್ತಿತ್ತು? ಕೆನಡಿ ಚಿತ್ರ ನೋಡಿದ ನಾಲ್ಕನೇ ದಿನ, ಅಕ್ಟೋಬರ್ 20ರಂದು, ಚೀನಾ ನಮ್ಮ ಮೇಲೆ ದಾಳಿ ಮಾಡಿತು. ಗಡಿಯಾಚೆ ಯಾರು ಎಲ್ಲಿ ಜಮಾಯಿಸಿದ್ದಾರೆ ಎಂದು ತೋರಿಸುವ ಚಿತ್ರಗಳ ಕೊರತೆ ಆಗ ನಮ್ಮನ್ನು ಕಾಡಿತು. ನವೆಂಬರಿನಲ್ಲಿ ನೆಹರೂ ಅಮೆರಿಕದ ಯು-2 ವಿಮಾನಗಳು ಗಡಿ ಭಾಗದ ಮೇಲೆ ಹಾರಲು ಒಪ್ಪಿದರು. ಆ ಚಿತ್ರಗಳಲ್ಲಿ ಕಂಡದ್ದನ್ನು ಭಾರತದ ಜೊತೆ ಹಂಚಿಕೊಂಡರು. ಮುಂದೆ ಒಡಿಶಾದ ಚರ್ಬಾಟಿಯಾದಲ್ಲಿದ್ದ ಎರಡನೇ ಮಹಾಯುದ್ಧ ಕಾಲದ ವಿಮಾನನೆಲೆಯಿಂದಲೂ ಯು-2 ಹಾರಿತು; ಅಲ್ಲಿಂದ ಮೊದಲ ಹಾರಾಟ 1964ರ ಮೇ 24ರಂದು, ನೆಹರೂ ತೀರಿಕೊಳ್ಳುವ ಮೂರು ದಿನ ಮುಂಚೆ. 1966ರಲ್ಲಿ ಡೆಹರಾಡೂನಿನಲ್ಲಿ ಚಿತ್ರ ಓದುವುದನ್ನು ಕಲಿಸುವ ಸಂಸ್ಥೆಯೇ ನೆದರ್ಲೆಂಡ್ಸ್ ಸಹಕಾರದಿಂದ ಶುರುವಾಯಿತು. ಈಗ ಅದು ಇಸ್ರೊದ ಭಾರತೀಯ ದೂರಸಂವೇದಿ ಸಂಸ್ಥೆ. 1988ರ ಮಾರ್ಚ್ 17ರಂದು ಬೆಂಗಳೂರಿನಲ್ಲಿ ಕಟ್ಟಿದ ಐಆರ್‌ಎಸ್-1ಎ ಉಪಗ್ರಹ ಮೇಲೇರಿದ ಮೇಲೆ ನಮ್ಮ ನೆಲವನ್ನು ನಮ್ಮದೇ ಕಣ್ಣಿನಿಂದ ನೋಡುವ ದಿನ ಬಂತು.

ಬದುಕು ಹೇಗಿರುತ್ತದೆ ಎಂದು ಕೇಳಿದ್ದೀರಿ. ಮುಚ್ಚಿಡದೆ ಹೇಳುತ್ತೇನೆ. ಗುಪ್ತಚರ ಇಲಾಖೆಯ ವಿಶ್ಲೇಷಕರಾದರೆ ಮನೆಯಲ್ಲಿ ಮಾತಾಡಲು ಕೆಲಸದ ಒಂದು ಮಾತೂ ಇರುವುದಿಲ್ಲ. ಆ ಅಕ್ಟೋಬರ್ 15ರ ರಾತ್ರಿ ಸ್ಟುವರ್ಟ್ ಕಟ್ಟಡದಿಂದ ಮನೆಗೆ ಹೋದವರು ಹೆಂಡತಿ ಮಕ್ಕಳ ಜೊತೆ ಊಟಕ್ಕೆ ಕೂತಾಗ ತಾವು ಕಂಡದ್ದನ್ನು ಹೇಳುವಂತಿರಲಿಲ್ಲ, ಊರು ಬಿಟ್ಟು ಹೋಗಿ ಎನ್ನುವಂತೆಯೂ ಇರಲಿಲ್ಲ. ಕಣ್ಣು, ಕುತ್ತಿಗೆ, ಬೆನ್ನು ಸವೆಯುತ್ತವೆ. ಹೆಚ್ಚಿನ ದಿನಗಳಲ್ಲಿ ಏನೂ ಸಿಗುವುದಿಲ್ಲ. ನಿನ್ನೆ ಇದ್ದಂತೆಯೇ ಇವತ್ತೂ ಇದೆ ಎಂದು ನೂರು ಸಲ ಬರೆದವನಿಗೆ ಮಾತ್ರ ನೂರೊಂದನೇ ಸಲ ಬದಲಾದದ್ದು ಕಾಣುತ್ತದೆ. ಹಡಗಿನಲ್ಲಿ ನಡುರಾತ್ರಿಯ ಪಾಳಿಯಲ್ಲಿ ರೇಡಾರ್ ಪರದೆ ನೋಡುತ್ತ ಕೂತವರಿಗೆ ಈ ಸಹನೆ ಅಭ್ಯಾಸವಾಗಿರುತ್ತದೆ. ಹೆಸರು, ಕೀರ್ತಿ ಬಹಳ ತಡವಾಗಿ ಬರುತ್ತದೆ, ಎಷ್ಟೋ ಮಂದಿಗೆ ಬರುವುದೇ ಇಲ್ಲ. ಲುಂಡಾಲ್ ಅವರಿಗೆ ಬ್ರಿಟನ್ ಗೌರವ ನೈಟ್ ಪದವಿ ಕೊಟ್ಟಿತು. ಅದಕ್ಕಿಂತ ಅವರ ತಂಡಕ್ಕೆ ಉಪಯೋಗವಾದದ್ದು ಬೇರೆ: ಕ್ಯೂಬಾ ಬಿಕ್ಕಟ್ಟಿನ ಬೆನ್ನಲ್ಲೇ, 1963ರ ಜನವರಿ 1ರಂದು, ಕೇಂದ್ರವು ಆ ಹಳೇ ಕಟ್ಟಡ ಬಿಟ್ಟು ಸರಿಯಾದ ಜಾಗಕ್ಕೆ ಹೋಯಿತು. ಅದು ವಾಷಿಂಗ್ಟನ್ನಿನ ನೌಕಾಪಡೆಯ ಯಾರ್ಡಿನ 213ನೇ ಕಟ್ಟಡ. ಅಡಾಕ್‌ನಿಂದ ಹೊರಟ ನೌಕಾಪಡೆಯವರು ಸಿಐಎ ಸೇರಿದ ಮೇಲೂ ಮತ್ತೆ ನೌಕಾಪಡೆಯ ಅಂಗಳಕ್ಕೇ ಬಂದಂತಾಯಿತು. ಲುಂಡಾಲ್ ಅಲ್ಲಿಂದಲೇ 1973ರಲ್ಲಿ ನಿವೃತ್ತರಾದರು, 1992ರಲ್ಲಿ ತೀರಿಕೊಂಡರು.

ಈಗ ನಿಮ್ಮ ತಮ್ಮನ ವಿಷಯ. ಸರ್ಕಾರದ ಗುಪ್ತಚರ ಕೆಲಸವೇ ಸಿಗಬೇಕೆಂದಿಲ್ಲ. ಬೆಳೆ ವಿಮೆ, ಗಣಿ, ಬಂದರು, ಹಡಗು ಸಂಚಾರ, ಪ್ರವಾಹ ಹೀಗೆ ಹತ್ತಾರು ಕಡೆ ಚಿತ್ರ ಓದುವವರು ಬೇಕು. ಬೆಂಗಳೂರು, ಹೈದರಾಬಾದುಗಳ ಖಾಸಗಿ ಕಂಪನಿಗಳು ಇದನ್ನೇ ಮಾಡುತ್ತಿವೆ. ಕಂಪ್ಯೂಟರೇ ಹಡಗು, ಕಟ್ಟಡಗಳನ್ನು ಗುರುತಿಸುತ್ತದೆಯಲ್ಲ, ಮನುಷ್ಯರು ಯಾಕೆ ಎಂದು ಕೇಳುವವರಿದ್ದಾರೆ. ಎಣಿಸುವುದನ್ನು ಯಂತ್ರ ಚೆನ್ನಾಗಿಯೇ ಮಾಡುತ್ತದೆ. ಆದರೆ ಸರಕು ತುಂಬಿದ ಹಡಗು ಎತ್ತರಕ್ಕೆ ಯಾಕೆ ತೇಲುತ್ತಿದೆ ಎಂಬ ಪ್ರಶ್ನೆ ಕೇಳಿಕೊಳ್ಳಲು ಹಡಗು ಗೊತ್ತಿರುವವರೇ ಬೇಕು. ಆ ಬಂಡವಾಳ ಅವರಲ್ಲಿ ಈಗಾಗಲೇ ಇದೆ. ಕಲಿಯಬೇಕಾದ್ದು ಉಪಕರಣಗಳನ್ನು. ನಕ್ಷೆ, ಉಪಗ್ರಹ ಚಿತ್ರಗಳನ್ನು ತೆರೆದು ಅಳೆಯುವ ಕ್ಯೂಜಿಐಎಸ್ ತಂತ್ರಾಂಶ ಉಚಿತ. ಡೆಹರಾಡೂನಿನ ಸಂಸ್ಥೆ ನಡೆಸುವ ಆನ್‌ಲೈನ್ ತರಗತಿಗಳೂ ಉಚಿತ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. 10 ಮೀಟರಿನ ವಸ್ತು ಒಂದು ಚುಕ್ಕೆಯಾಗಿ ಕಾಣುತ್ತದೆ, ಹೆಚ್ಚುಕಡಿಮೆ ಐದು ದಿನಕ್ಕೊಮ್ಮೆ ಹೊಸ ಚಿತ್ರ. ಮಳೆಗಾಲದಲ್ಲಿ ಕರಾವಳಿ ಮೋಡದಡಿ ಮುಚ್ಚಿಹೋದಾಗ ಸೆಂಟಿನೆಲ್-1ರ ರೇಡಾರ್ ಚಿತ್ರ ನೋಡಲಿ. ಅದು ಮೋಡ ದಾಟಿ ಬರುತ್ತದೆ, ಕಪ್ಪು ಕಡಲಿನ ಮೇಲೆ ಹಡಗುಗಳು ಬಿಳಿ ಚುಕ್ಕೆಗಳಾಗಿ ಹೊಳೆಯುತ್ತವೆ.

ಒಂದು ಎಚ್ಚರಿಕೆ. ಅಭ್ಯಾಸಕ್ಕೆಂದು ನಮ್ಮ ರಕ್ಷಣಾ ನೆಲೆಗಳ ಚಿತ್ರ ಎತ್ತಿಕೊಂಡು ಗುರುತು ಹಾಕಿ ಜಾಲತಾಣದಲ್ಲಿ ಹಂಚಿಕೊಳ್ಳುವುದು ಬೇಡವೇ ಬೇಡ. ಸೇವೆಯಲ್ಲಿದ್ದಾಗ ತಿಳಿದ ಗುಟ್ಟುಗಳಿಗೆ 1923ರ ಅಧಿಕೃತ ರಹಸ್ಯ ಕಾಯ್ದೆ ನಿವೃತ್ತಿಯ ಮೇಲೂ ಅನ್ವಯಿಸುತ್ತದೆ. ಅವರು ಅದನ್ನು ಬಲ್ಲರು, ಆದರೂ ಹೊಸ ಹುರುಪಿನಲ್ಲಿ ಕೈ ಮುಂದೆ ಹೋಗದಿರಲಿ.

ಅದರ ಬದಲು ನಿಮ್ಮೂರ ಅಘನಾಶಿನಿ ಅಳಿವೆಯನ್ನೇ ಹಿಡಿಯಲಿ. ಉಪಗ್ರಹ ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದರ ಆಸುಪಾಸು ಹಾದುಹೋಗುತ್ತದೆ. ಆ ಹೊತ್ತಿಗೆ ಉಬ್ಬರವೋ ಇಳಿತವೋ ಎಂದು ತಾವೇ ಕೋಷ್ಟಕ ನೋಡಿ ಬರೆದುಕೊಳ್ಳಲಿ. ಗಜನಿ ಗದ್ದೆಗೆ ಉಪ್ಪುನೀರು ಯಾವ ವಾರ ನುಗ್ಗಿತು, ಸಿಗಡಿ ಕೆರೆಗಳಲ್ಲಿ ಯಾವುದು ಖಾಲಿಯಾಯಿತು, ಕಾಂಡ್ಲಾ ಗಿಡ ಎಲ್ಲಿ ಹೊಸದಾಗಿ ಹಬ್ಬಿತು, ಅಳಿವೆ ಬಾಯಿಯ ಮರಳು ದಿಬ್ಬ ಎತ್ತ ಸರಿಯಿತು ಎಂದು ಚಿತ್ರದಲ್ಲಿ ಕಂಡದ್ದನ್ನು ತಾರೀಖು ಹಾಕಿ, ಎಷ್ಟು ಖಚಿತ ಎಂದೂ ಪಕ್ಕದಲ್ಲಿ ಬರೆದು, ಆಮೇಲೆ ಬೈಕ್ ಹತ್ತಿ ಹೋಗಿ ನೆಲದ ಮೇಲೆ ನೋಡಿ ಬರಲಿ. ತಪ್ಪಾದ ಕಡೆ ಯಾಕೆ ತಪ್ಪಾಯಿತು ಎಂದೂ ಅದೇ ಪುಟದಲ್ಲಿ ಬರೆಯಲಿ. ಹಾಗೆ ಒಂದು ಮಳೆಗಾಲ, ಒಂದು ಬೇಸಿಗೆ ದಾಟಿದ ನೋಟ್‌ಬುಕ್ ಇದ್ದರೆ ಸಂದರ್ಶನಕ್ಕೆ ಹೋದಾಗ ಸರ್ಟಿಫಿಕೇಟುಗಳಿಗಿಂತ ಮೊದಲು ಅದನ್ನು ಮೇಜಿನ ಮೇಲಿಡಲಿ.